ಕೆಲಸದಲ್ಲಿದ್ದುಕೊಂಡೇ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಸಾಧ್ಯವೇ?

ಪ್ರಶ್ನೆ: ತುಮಕೂರು ವಿಶ್ವವಿದ್ಯಾಲಯದಲ್ಲಿ ಶೇ 58 ಅಂಕಗಳೊಂದಿಗೆ ಎಂ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿ, ಶಿರಾದ ಖಾಸಗಿ ಪಿಯು ಕಾಲೇಜೊಂದರಲ್ಲಿ ಉಪನ್ಯಾಸಕನಾಗಿದ್ದೇನೆ. ಕೆಲಸ ಬಿಡುವ ಸ್ಥಿತಿ ಇಲ್ಲ. ಪಾವಗಡದ ಕೊಳವೆಬಾವಿ ನೀರಿನಲ್ಲಿರುವ ಫ್ಲೋರೈಡ್ ಕುರಿತು ಅರೆಕಾಲಿಕ ಪಿಎಚ್‌.ಡಿ. ಮಾಡುವ ಆಸೆಯಿದೆ. ಸಾಧ್ಯವೇ? ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬೇಕೇ?
– ಓದುಗರು, ಶಿರಾ

ಉತ್ತರ: ಅರ್ಹತೆಯ ಬಗ್ಗೆ ತಾವು ಚಿಂತಿಸಬೇಕಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಸಾಕು. ಪರಿಶಿಷ್ಟರು, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರು, ಅಂಗವಿಕಲರು ಮೊದಲಾದವರಿಗೆ ಶೇ 5ರ ರಿಯಾಯಿತಿ ಇದೆ. ಅದೇ ನಿಯಮಾವಳಿ ಅರೆಕಾಲಿಕ ಪಿಎಚ್‌.ಡಿ.ಗೂ ಅವಕಾಶ ಕೊಟ್ಟಿದೆ. ಆದರೆ ತಮ್ಮ ಆಡಳಿತ ಮಂಡಳಿಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಕೋರ್ಸ್‌ವರ್ಕ್‌ಗೆ (ಸಂಶೋಧನೆಯ ಜೊತೆ ಮುಗಿಸಬೇಕಾದ ತರಗತಿ ಪಾಠಗಳಿಗೆ) ಅಗತ್ಯವಿದ್ದರೆ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ ಎಂಬ ಮಾತು ಆ ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕಾದ್ದರಿಂದ, ಖಾಸಗಿ ಕಾಲೇಜಿನವರು ಅದಕ್ಕೆ ಸಹಿ ಹಾಕುತ್ತಾರೆಯೇ ಎಂಬುದನ್ನು ಅರ್ಜಿ ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಿ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದು; ಪದವಿಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ.

ರಸಾಯನಶಾಸ್ತ್ರಕ್ಕೆ ಇರುವುದು ಸಿಎಸ್‌ಐಆರ್–ಯುಜಿಸಿ ಜಂಟಿ ನೆಟ್. ಅದನ್ನು ಬಿಟ್ಟು ಯುಜಿಸಿ ನೆಟ್‌ನ ವಿಷಯಪಟ್ಟಿಯಲ್ಲಿ ಹುಡುಕುವವರು ಇಂದಿಗೂ ಇದ್ದಾರೆ. 2024ರಿಂದ ಜಂಟಿ ನೆಟ್‌ನ ಫಲಿತಾಂಶ ಮೂರು ವರ್ಗಗಳಲ್ಲಿ ಬರುತ್ತಿದ್ದು, ಜೆಆರ್‌ಎಫ್ (ಕಿರಿಯ ಸಂಶೋಧಕರ ಮಾಸಿಕ ಶಿಷ್ಯವೇತನ) ಸಿಗದವರೂ ಪಿಎಚ್‌.ಡಿ. ಪ್ರವೇಶಕ್ಕೆ ಆ ಅಂಕಗಳನ್ನು ಒಂದು ವರ್ಷದವರೆಗೆ ಬಳಸಬಹುದು. ಆಯ್ಕೆಯಲ್ಲಿ ಶೇ 70 ನೆಟ್ ಅಂಕಕ್ಕೆ, ಶೇ 30 ಸಂದರ್ಶನಕ್ಕೆ. ತಾವು ಸೇರಬೇಕೆಂದಿರುವ ವಿಶ್ವವಿದ್ಯಾಲಯ ನೆಟ್ ಅಂಕವನ್ನೇ ಪರಿಗಣಿಸುತ್ತದೆಯೋ, ಸ್ವಂತ ಪ್ರವೇಶ ಪರೀಕ್ಷೆ ನಡೆಸುತ್ತದೆಯೋ ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಬೇಕು. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ ಇದೆ. ಆದರೆ ಅದು ಪೂರ್ಣಾವಧಿ ಸಂಶೋಧಕರಿಗೆ ಮೀಸಲು. ಸಂಬಳ ಪಡೆಯುತ್ತಾ ಅದನ್ನೂ ಪಡೆಯಲಾಗದು.

ಇನ್ನು ವಿಷಯದ ಆಯ್ಕೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಪ್ರವೇಶ ಪರೀಕ್ಷೆಗಿಂತ ದೊಡ್ಡ ತೊಡಕು ಇರುವುದು ಇಲ್ಲಿ. ಹಳ್ಳಿಹಳ್ಳಿಯ ನೀರು ತಂದು, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆಯೇ ಎಂದು ಅಳೆದು ಕೋಷ್ಟಕ ಬರೆದರೆ ಅದು ಸಮೀಕ್ಷೆಯಾಗುತ್ತದೆಯೇ ಹೊರತು ರಸಾಯನಶಾಸ್ತ್ರದ ಪಿಎಚ್‌.ಡಿ. ಆಗುವುದಿಲ್ಲ. ಫ್ಲೋರೈಡನ್ನು ತನ್ನ ಮೇಲ್ಮೈಯಲ್ಲಿ ಹಿಡಿದಿಟ್ಟುಕೊಳ್ಳುವ ಹೊಸ ವಸ್ತುವೊಂದನ್ನು ತಯಾರಿಸಿ, ಅದು ನೀರಿನ ಯಾವ ಪಿಎಚ್‌ನಲ್ಲಿ (ಆಮ್ಲ–ಕ್ಷಾರ ಮಟ್ಟದಲ್ಲಿ) ಎಷ್ಟು ಹಿಡಿಯುತ್ತದೆ, ನೀರಿನಲ್ಲಿರುವ ಬೈಕಾರ್ಬೊನೇಟ್ ಅದಕ್ಕೆ ಹೇಗೆ ಪೈಪೋಟಿ ಕೊಡುತ್ತದೆ, ಎಷ್ಟು ಬಾರಿ ತೊಳೆದು ಮರುಬಳಸಬಹುದು ಎಂದು ವಿವರಿಸಿದರೆ ಅದಕ್ಕೆ ಪ್ರಬಂಧದ ತೂಕ ಬರುತ್ತದೆ. ಅರೆಕಾಲಿಕರಿಗೆ ಇದು ಒಗ್ಗುವ ಕೆಲಸವೂ ಹೌದು. ಭಾನುವಾರ ಇಪ್ಪತ್ತು ಶಂಕುಪಾತ್ರೆಗಳನ್ನು ಶೇಕರ್‌ಗೆ ಹಾಕಿ, ಸೋಸಿ, ಸಂಜೆಯೊಳಗೆ ಎಲೆಕ್ಟ್ರೋಡ್‌ನಿಂದ ಅಳೆದು ಮುಗಿಸಬಹುದು. ಸಾವಯವ ಸಂಶ್ಲೇಷಣೆಯಲ್ಲಿ ಹಾಗಾಗುವುದಿಲ್ಲ: ಕ್ರಿಯೆ ಎಲ್ಲಿಗೆ ಬಂತೆಂದು ತೋರಿಸುವ ಟಿಎಲ್‌ಸಿ ಪ್ಲೇಟ್ ನೋಡುತ್ತಾ ಕ್ರಿಯೆಯನ್ನು ಕಾಯಬೇಕು, ವಸ್ತುವನ್ನು ಬೇರ್ಪಡಿಸಿ ಶುದ್ಧೀಕರಿಸಲು ಕಾಲಮ್ ಹಾಕಿದ ಮೇಲೆ ಪಾಠವಿದೆಯೆಂದು ಎದ್ದು ಬರುವಂತಿಲ್ಲ.

ಮಾರ್ಗದರ್ಶಕರನ್ನು ಭೇಟಿಯಾದಾಗ ಎರಡು ಸಂಗತಿಗಳನ್ನು ಸಂಕೋಚವಿಲ್ಲದೆ ಕೇಳಿ. ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದಾದ್ದರಿಂದ, ಅವರಲ್ಲಿ ಸ್ಥಾನ ಖಾಲಿ ಇದೆಯೇ ಎಂಬುದು ಮೊದಲನೆಯದು; ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ವಸ್ತುವಿನ ಸ್ಫಟಿಕ ರಚನೆ, ಮೇಲ್ಮೈ ನೋಡುವ ಎಕ್ಸ್‌ಆರ್‌ಡಿ, ಎಸ್‌ಇಎಂ ಪರೀಕ್ಷೆಗಳಿಗೆ ಮಾದರಿಗಳನ್ನು ಎಲ್ಲಿಗೆ ಕಳುಹಿಸುತ್ತಾರೆ, ಶುಲ್ಕ ಯಾರು ಭರಿಸುತ್ತಾರೆ ಎಂಬುದು ಎರಡನೆಯದು. ಇದನ್ನು ಕೇಳದೆ ಸೇರಿದವರು ಸಂಬಳದ ಹಣವನ್ನೇ ಅದಕ್ಕೆ ಸುರಿಯಬೇಕಾಗುತ್ತದೆ.

ಪ್ರಶ್ನೆ: ಬಿ.ಎಸ್ಸಿ. ಅಂತಿಮ ವರ್ಷದಲ್ಲಿದ್ದೇನೆ. ನೇರವಾಗಿ ಪಿಎಚ್‌.ಡಿ.ಗೆ ಸೇರಬಹುದೇ?
– ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ನಾಲ್ಕು ವರ್ಷಗಳ ಪದವಿಯಲ್ಲಿ ಶೇ 75 ಅಂಕ ಪಡೆದವರಿಗೆ ಆ ಅವಕಾಶವಿದೆ, ಮೂರು ವರ್ಷದ ಪದವಿ ಅದಕ್ಕೆ ಸಾಲದು. ಮೂರು ವರ್ಷದ ಪದವಿಯವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಸಮಗ್ರ ಪಿಎಚ್‌.ಡಿ. ಒಳ್ಳೆಯ ದಾರಿ. ಅದಕ್ಕೆ ಜ್ಯಾಮ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಆ ಪರೀಕ್ಷೆ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ನಡೆಯುವುದರಿಂದ, ಅರ್ಜಿ ಹಾಕುವ ಕೆಲಸ ಐದನೇ ಸೆಮಿಸ್ಟರ್ ನಡೆಯುತ್ತಿರುವಾಗಲೇ ಮುಗಿದಿರಬೇಕು.