ಓದದೆ ಉಳಿದ ಪುಸ್ತಕಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹಲವು ವರ್ಷಗಳಿಂದ ಪುಸ್ತಕಗಳನ್ನು ಕೊಳ್ಳುತ್ತಾ ಬಂದಿದ್ದೇನೆ. ಓದದೆ ಉಳಿದವೇ ಈಗ ಇನ್ನೂರರಷ್ಟಿವೆ. ಈ ವರ್ಷ ಹೊಸದೊಂದನ್ನೂ ಕೊಳ್ಳದೆ ಇರುವುದನ್ನೇ ಓದಿ ಮುಗಿಸಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ಕಪಾಟಿನ ಮುಂದೆ ನಿಂತರೆ ಯಾವುದರಿಂದ ಆರಂಭಿಸಬೇಕೆಂದೇ ತೋಚುವುದಿಲ್ಲ.

ಉತ್ತರ: ಓದಲು ಕೂರುವ ಮುಂಚೆ, ಬಿಡುವಿರುವ ಒಂದು ದಿನ, ಆ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಧೂಳು ಒರೆಸಿ ಒಂದೊಂದನ್ನೇ ತೆರೆದು ನೋಡಿ. ವರ್ಷಗಟ್ಟಲೆ ಬೆನ್ನಷ್ಟೇ ಕಾಣುವಂತೆ ನಿಂತ ಪುಸ್ತಕದೊಳಗೆ ಏನಿದೆ, ಅದನ್ನು ಏಕೆ ಕೊಂಡೆವು ಎಂಬುದೇ ನಮಗೆ ಮರೆತುಹೋಗಿರುತ್ತದೆ. ಮುನ್ನುಡಿಯ ಒಂದೆರಡು ಪುಟ, ಪರಿವಿಡಿ, ನಡುವಿನ ಯಾವುದಾದರೂ ಒಂದು ಪುಟವನ್ನು ನಿಂತಲ್ಲೇ ಓದಿದರೆ ಸಾಕು, ಆ ಪುಸ್ತಕ ಈಗಲೂ ನಿಮ್ಮನ್ನು ಕರೆಯುತ್ತಿದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ತಿಳಿದುಬಿಡುತ್ತದೆ.

ಹೀಗೆ ನೋಡುತ್ತಾ ಹೋದಾಗ, ಓದಿಲ್ಲವೆಂದು ಲೆಕ್ಕ ಹಿಡಿದವುಗಳಲ್ಲಿ ಎಷ್ಟೋ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಓದಬೇಕಾದ ಅಗತ್ಯವೇ ಇಲ್ಲವೆಂಬುದು ನಿಮ್ಮ ಗಮನಕ್ಕೆ ಬರುತ್ತದೆ. ನಿಘಂಟು, ವಿಶ್ವಕೋಶದ ಸಂಪುಟ, ಸಮಗ್ರ ಕವಿತೆಗಳು, ಪತ್ರಸಂಗ್ರಹ, ಲೇಖನಗಳ ಸಂಕಲನ ಇವೆಲ್ಲ ಬೇಕಾದಾಗ ಬೇಕಾದಷ್ಟು ಓದಿ ಮತ್ತೆ ಸ್ವಸ್ಥಾನಕ್ಕೆ ಸೇರಿಸುವಂಥವು. ಅವುಗಳನ್ನು ಬೇರೆ ಅಂಕಣದಲ್ಲಿ, ಕೈಗೆಟಕುವ ಎತ್ತರದಲ್ಲಿ ಜೋಡಿಸಿ, ಮುಗಿಸಬೇಕಾದವುಗಳ ಲೆಕ್ಕದಿಂದ ಕೈಬಿಡಿ. ನಿಮ್ಮನ್ನು ಅಳುಕಿಸುತ್ತಿರುವ ಸಂಖ್ಯೆ ಇಷ್ಟರಿಂದಲೇ ಗಣನೀಯವಾಗಿ ಇಳಿಯುತ್ತದೆ.

ಇನ್ನು, ವರ್ಷದೊಳಗೆ ಎಲ್ಲವನ್ನೂ ಮುಗಿಸುವ ನಿಶ್ಚಯವನ್ನು ದಯವಿಟ್ಟು ಬಿಟ್ಟುಬಿಡಿ. ದಿನಕ್ಕೆ 20 ಪುಟ ತಪ್ಪದೆ ಓದುವವರು ವರ್ಷಕ್ಕೆ 7,300 ಪುಟ ಓದುತ್ತಾರೆ. ಪುಸ್ತಕವೊಂದಕ್ಕೆ ಸರಾಸರಿ 250 ಪುಟವೆಂದುಕೊಂಡರೆ ಅದು 29 ಪುಸ್ತಕಗಳಾಯಿತು. ಈ ವೇಗದಲ್ಲಿ ಇನ್ನೂರು ಪುಸ್ತಕಗಳಿಗೆ ಏಳು ವರ್ಷ ಹಿಡಿಯುತ್ತದೆ. ಲೆಕ್ಕ ಮಾಡಿ ನೋಡಿದವರಿಗೆ ಅವಸರ ತಾನಾಗಿಯೇ ತಗ್ಗುತ್ತದೆ, ಮತ್ತು ಅವಸರ ತಗ್ಗಿದಾಗಲೇ ಓದು ಓದಾಗಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಷ್ಟು ಪುಸ್ತಕಗಳನ್ನು ಇಟ್ಟುಕೊಳ್ಳಬೇಕೆಂಬ ಚರ್ಚೆ ತೀರ ಹಳೆಯದು. ಇರುವಷ್ಟನ್ನೆಲ್ಲ ಓದಲಾಗದಿದ್ದರೆ ಓದಬಲ್ಲಷ್ಟನ್ನು ಇಟ್ಟುಕೊಂಡರೆ ಸಾಕೆಂದು ರೋಮಿನ ತತ್ತ್ವಜ್ಞಾನಿ ಸೆನೆಕ ಒಂದನೆಯ ಶತಮಾನದಲ್ಲಿಯೇ ತನ್ನ ಗೆಳೆಯನಿಗೆ ಬರೆದಿದ್ದ. ಇತ್ತ ನಮ್ಮ ಕಾಲದ ಇಟಲಿಯ ಲೇಖಕ ಉಂಬರ್ತೊ ಎಕೊ ಅವರ ಮನೆಯಲ್ಲಿ ಸುಮಾರು 30,000 ಪುಸ್ತಕಗಳಿದ್ದವು. ಖಾಸಗಿ ಗ್ರಂಥಾಲಯವೆಂದರೆ ಓದಿ ಮುಗಿಸಿದವುಗಳ ಪ್ರದರ್ಶನವಲ್ಲ, ಕೆಲಸಕ್ಕೆ ಬೇಕಾದ ಸಲಕರಣೆ ಎಂಬುದು ಅವರ ನಿಲುವಾಗಿತ್ತು. ನನ್ನ ಒಲವು ಎಕೊ ಅವರ ಕಡೆಗೇ ಇದೆ. ಆದರೆ ಕಪಾಟಿನಲ್ಲಿ ಏನಿದೆಯೆಂಬುದು ಒಡೆಯನಿಗೆ ತಿಳಿದಿದ್ದರೆ ಮಾತ್ರ ಸಲಕರಣೆ ಸಲಕರಣೆಯಾಗುತ್ತದೆ, ಆದ್ದರಿಂದಲೇ ಮೇಲಿನ ಪರಿಶೀಲನೆಯನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಆರಂಭ ಯಾವುದರಿಂದ? ಮೊದಲು ಕೊಂಡದ್ದನ್ನು ಮೊದಲು ಓದುವ ಕ್ರಮವನ್ನು ಅನೇಕರು ಅನುಸರಿಸುತ್ತಾರೆ. ಅದು ನ್ಯಾಯವೆನಿಸಿದರೂ ಹೆಚ್ಚು ದೂರ ಸಾಗುವುದಿಲ್ಲ, ಏಕೆಂದರೆ ಇಷ್ಟು ದಿನ ಹಿಂದೆ ಬಿದ್ದ ಪುಸ್ತಕಗಳೇ ಅಲ್ಲಿ ಸಾಲಾಗಿ ಎದುರಾಗುತ್ತವೆ. ಈ ಹೊತ್ತು ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ, ಅದು ಕೃಷಿಯೇ ಇರಲಿ, ಸಂಗೀತವೇ ಇರಲಿ, ಸಂಬಂಧಪಟ್ಟ ಪುಸ್ತಕದಿಂದ ತೊಡಗಿ. ಇದಕ್ಕೆ ಒಂದು ಅಪವಾದವುಂಟು. ಮರದ ತಿರುಳಿನಿಂದ ತಯಾರಾದ ಅಗ್ಗದ ಕಾಗದ, ತನ್ನಲ್ಲಿರುವ ಆಮ್ಲದ ದೆಸೆಯಿಂದ ವರ್ಷಗಳು ಕಳೆದಂತೆ ಹಳದಿಗಟ್ಟಿ, ಮಡಿಸಿದರೆ ಮುರಿಯುವಷ್ಟು ಪೆಡಸಾಗುತ್ತದೆ. ಪುಟದ ಮೂಲೆ ಬೆರಳಿಗೆ ಪುಡಿಯಾಗಿ ಹತ್ತುವ ಸ್ಥಿತಿಯಲ್ಲಿರುವ ಪುಸ್ತಕವಿದ್ದರೆ, ಓದುವ ಆಸೆ ಉಳಿದಿರುವ ಪಕ್ಷದಲ್ಲಿ ಅದನ್ನು ಮುಂದೂಡಬೇಡಿ.

ಪ್ರಶ್ನೆ: ಅರ್ಧಕ್ಕೇ ಬಿಟ್ಟ ಕಾದಂಬರಿಗಳು ನನ್ನಲ್ಲಿ ಬಹಳ ಇವೆ. ಅವುಗಳನ್ನು ಮತ್ತೆ ಮೊದಲಿನಿಂದ ಓದಬೇಕೇ? ಇಷ್ಟವಾಗದಿದ್ದರೂ ಮುಗಿಸಲೇಬೇಕೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಮುಗಿಸಲೇಬೇಕೆಂಬ ಕಟ್ಟಳೆಯಿಲ್ಲ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರು 50 ಪುಟಗಳ ನಿಯಮವೊಂದನ್ನು ಜನಪ್ರಿಯಗೊಳಿಸಿದ್ದಾರೆ. ಐವತ್ತು ಪುಟ ಓದಿದ ಮೇಲೂ ಆಸಕ್ತಿ ಹುಟ್ಟದಿದ್ದರೆ ಬಿಡಬಹುದು. ಐವತ್ತು ವರ್ಷ ದಾಟಿದವರು ತಮ್ಮ ವಯಸ್ಸನ್ನು 100ರಿಂದ ಕಳೆದು ಉಳಿದಷ್ಟು ಪುಟಗಳನ್ನು ಓದಿದರೆ ಸಾಕು. ಅಂದರೆ ಎಪ್ಪತ್ತರ ಓದುಗರಿಗೆ 30 ಪುಟಗಳ ಪರೀಕ್ಷೆಯಷ್ಟೇ. ಉಳಿದಿರುವ ಕಾಲಕ್ಕೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ನಿಯಮವನ್ನು ನಾನು ಕಂಡಿಲ್ಲ.

ಬಿಟ್ಟ ಕಾದಂಬರಿಗೆ ಮರಳುವವರು ಮೊದಲ ಪುಟಕ್ಕೆ ಹೋಗಬೇಕಾಗಿಲ್ಲ. ಹಾಗೆ ಹೋದವರು ಆರಂಭದ ಅಧ್ಯಾಯಗಳನ್ನೇ ಮೂರು ನಾಲ್ಕು ಸಲ ಓದಿ, ಹಿಂದೆ ನಿಲ್ಲಿಸಿದ ಜಾಗದಲ್ಲೇ ಮತ್ತೆ ನಿಲ್ಲಿಸುವುದನ್ನು ಕಾಣುತ್ತೇವೆ. ಓದಿದ ಭಾಗದ ಮೇಲೆ ಕಾಲು ಗಂಟೆ ಕಣ್ಣಾಡಿಸಿ, ಒಂದು ಚೀಟಿಯಲ್ಲಿ ಪಾತ್ರಗಳ ಹೆಸರು, ಯಾರಿಗೆ ಯಾರು ಏನಾಗಬೇಕು, ಕಥೆ ಎಲ್ಲಿಗೆ ಬಂದು ನಿಂತಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಿ. ಅದೇ ಚೀಟಿಯನ್ನು ಪುಟದ ಗುರುತಿಗೂ ಇಟ್ಟುಕೊಂಡು, ನಿಲ್ಲಿಸಿದ ಅಧ್ಯಾಯದ ಆರಂಭದಿಂದ ಮುಂದುವರಿಸಿ. ಪಾತ್ರಗಳು ತುಂಬಿದ ದೊಡ್ಡ ಕಾದಂಬರಿಗಳನ್ನು ನಾವು ಕೈಬಿಡುವುದು ಅನೇಕ ವೇಳೆ ಬೇಸರದಿಂದಲ್ಲ. ನಾಲ್ಕು ದಿನ ಬಿಡುವು ಬಿದ್ದು ಯಾರು ಯಾರೆಂಬುದು ಮರೆತುಹೋದದ್ದರಿಂದ.

ಪ್ರಶ್ನೆ: ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು ತಪ್ಪದೆ ಓದುತ್ತೇನೆ, ಸ್ವಂತದ್ದು ಮಾತ್ರ ಓದಲಾಗುವುದಿಲ್ಲ. ಏಕೆ ಹೀಗೆ?

ಉತ್ತರ: ತಂದದ್ದಕ್ಕೆ ಗಡುವಿದೆ, ಸ್ವಂತದ್ದಕ್ಕಿಲ್ಲ. ಗ್ರಂಥಾಲಯದ ಪುಸ್ತಕಗಳಲ್ಲಿ, ಹಿಂದಿರುಗಿಸುವ ದಿನಾಂಕ ಮುದ್ರೆಯೊತ್ತಲು ಒಂದು ಚೀಟಿಯನ್ನು ಅಂಟಿಸುತ್ತಿದ್ದುದನ್ನು ನೀವು ನೋಡಿರಬಹುದು. ಅಂಥದೇ ಚೀಟಿಯೊಂದನ್ನು ನಿಮ್ಮ ಪುಸ್ತಕದೊಳಗೂ ಇಟ್ಟು ಮೂರು ವಾರದ ನಂತರದ ದಿನಾಂಕ ಬರೆಯಿರಿ, ಅದನ್ನು ಕಪಾಟಿನಿಂದ ತೆಗೆದು ತಂದ ಪುಸ್ತಕಗಳ ಜೊತೆಗೇ ಇಡಿ. ದಿನಾಂಕ ಬಂದಾಗ ಮುಗಿದಿರದಿದ್ದರೆ ಒಮ್ಮೆ ನವೀಕರಿಸಿ. ಎರಡನೆಯ ಸಲವೂ ಮುಗಿಯದಿದ್ದರೆ ಅದು ಕಪಾಟಿಗೆ ಮರಳಲಿ, ಬೇರೊಂದು ಬರಲಿ.

ಪ್ರಶ್ನೆ: ಉಡುಗೊರೆಯಾಗಿ ಬಂದ, ನಾನೆಂದೂ ಓದಲಾರದ ಪುಸ್ತಕಗಳನ್ನು ಬೇರೆಯವರಿಗೆ ಕೊಟ್ಟರೆ ತಪ್ಪಾಗುತ್ತದೆಯೇ?

ಉತ್ತರ: ಖಂಡಿತ ಇಲ್ಲ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕೆನ್ನುತ್ತದೆ. ಆ ಓದುಗ ನೀವಲ್ಲವೆಂದು ಖಚಿತವಾದ ಮೇಲೆ ಇಟ್ಟುಕೊಂಡು ಕೂರುವುದರಲ್ಲಿ ಅರ್ಥವಿಲ್ಲ. ಕೊಟ್ಟವರ ಹಸ್ತಾಕ್ಷರವಿರುವ ಪ್ರತಿಯಾದರೆ, ಅವರನ್ನೇ ಒಮ್ಮೆ ಕೇಳಿ ಬೇರೆಯವರಿಗೆ ದಾಟಿಸಿ. ಗ್ರಂಥಾಲಯಕ್ಕೆ ಕೊಡುವುದಾದರೆ, ಅವರು ಅಂಥ ಪುಸ್ತಕಗಳನ್ನು ಸ್ವೀಕರಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.