ಬಚ್ಚಲ ಒಲೆಯಲ್ಲಿ ಮರದ ಹೊಟ್ಟು ಉರಿಸುವುದು ಹೇಗೆ?

ಸಾಮಿಲ್ಲಿನಿಂದ ಹೊಟ್ಟು, ಚಕ್ಕೆ ಮೂಟೆಗಟ್ಟಲೆ ಸಿಗುತ್ತದೆ, ಬಚ್ಚಲ ಒಲೆಗೆ ಸುರಿದರೆ ಮೊದಲು ಬರೀ ಹೊಗೆ, ಆಮೇಲೆ ಭಗ್ಗೆಂದು ಉರಿ ಹೊರಗೆ ನುಗ್ಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಉರಿಯುವ ಒಲೆಗೆ ಹೊಟ್ಟು ಸುರಿಯುವುದನ್ನು ಇವತ್ತೇ ನಿಲ್ಲಿಸಿ. ನನಗೆ 14 ವರ್ಷವಿದ್ದಾಗ ಹಂಡೆಯ ನೀರು ಬೇಗ ಕಾಯಲೆಂದು ಒಂದು ಮೊರ ಹೊಟ್ಟನ್ನು ಕೆಂಡದ ಮೇಲೆ ಎರಚಿದ್ದೆ. ಹುಬ್ಬು, ಮುಂಗೂದಲು ಸುಟ್ಟುಹೋದವು. ಕಣ್ಣು ಉಳಿದದ್ದು ಪುಣ್ಯ.

ಎರಚಿದ ಪುಡಿಯ ಒಂದೊಂದು ಕಣದ ಸುತ್ತಲೂ ಗಾಳಿ ಇರುವುದರಿಂದ ಎಲ್ಲವೂ ಒಟ್ಟಿಗೇ ಹೊತ್ತಿಕೊಳ್ಳುತ್ತದೆ. ರಾಶಿಯಾಗಿ ಬಿದ್ದರೆ ಒಳಗೆ ಗಾಳಿಯೇ ಹೋಗದು. ಹೊಟ್ಟು ಕಮರುತ್ತಾ ಹೊಗೆ ಬಿಡುತ್ತದೆ. ಆ ಹೊಗೆಯಲ್ಲಿ ಉರಿಯುವ ಅನಿಲಗಳಿವೆ. ಅವು ಒಲೆಯಲ್ಲಿ ತುಂಬಿಕೊಂಡಿರುವಾಗ ಕಿಡಿ ತಗುಲಿದರೆ ನಿಮ್ಮಲ್ಲಿ ಆದಂತೆ ಆಗುತ್ತದೆ.

ಹೊಟ್ಟಿಗೆ ಅದರದೇ ಒಲೆ ಬೇಕು. ಸೀಮೆಎಣ್ಣೆ ರೇಷನ್ನಿನಲ್ಲಿ ಅಳೆದು ಸಿಗುತ್ತಿದ್ದ ಕಾಲದಲ್ಲಿ ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ ಹಚ್ಚುತ್ತಿದ್ದುದು ಇಂಥದ್ದೇ. 15 ಕಿಲೋ ಎಣ್ಣೆಯ ಹಳೆಯ ಡಬ್ಬದ ಮೇಲ್ಭಾಗ ಕತ್ತರಿಸಿ, ಬುಡದ ಹತ್ತಿರ ಪಕ್ಕದಲ್ಲಿ ಎರಡು ಅಂಗುಲದ ತೂತು ಮಾಡಿ. ಡಬ್ಬದ ನಡುವೆ ನುಣುಪಾದ ಗಾಜಿನ ಬಾಟಲಿ ನಿಲ್ಲಿಸಿ, ತೂತಿನಿಂದ ಒಂದು ದುಂಡನೆಯ ಕೋಲನ್ನು ಬಾಟಲಿಗೆ ತಾಗುವಂತೆ ತೂರಿಸಿ. ಈಗ ಒಣ ಹೊಟ್ಟನ್ನು ಹಿಡಿಹಿಡಿಯಾಗಿ ಹಾಕುತ್ತಾ ದಮ್ಮಸ್ಸು ಮಾಡಿ. ಇಲ್ಲಿ ಅವಸರ ಬೇಡ. ಸಡಿಲವಾಗಿ ತುಂಬಿದರೆ ಅರ್ಧ ಉರಿದ ಮೇಲೆ ಒಳಗೋಡೆ ಕುಸಿದು, ಬಾಟಲಿ, ಕೋಲು ತೆಗೆದಾಗ ಉಳಿಯುವ ಸುರಂಗ ಮುಚ್ಚಿಕೊಳ್ಳುತ್ತದೆ, ಮನೆಯೆಲ್ಲ ಹೊಗೆ. ತುಂಬಿದ ಮೇಲೆ ಬಾಟಲಿಯನ್ನೂ ಕೋಲನ್ನೂ ಮೆಲ್ಲಗೆ ತಿರುಗಿಸುತ್ತಾ ಹೊರಗೆಳೆಯಿರಿ. ಕೆಳಗಿನ ತೂತಿನಲ್ಲಿ ಕಾಗದ, ಸೀಳಿದ ಕಡ್ಡಿ ಇಟ್ಟು ಹಚ್ಚಿ. ಸೀಮೆಎಣ್ಣೆ, ಪೆಟ್ರೋಲ್ ಬೇಡವೇ ಬೇಡ. ಪಾತ್ರೆಯ ಕೆಳಗೆ ಮೂರು ಕಲ್ಲಿನ ಚೂರು ಇಡಿ, ಉರಿಗೆ ಹೊರಬರಲು ದಾರಿ ಇರಲಿ. ಒಳಗೋಡೆಯಿಂದ ಹೊರಕ್ಕೆ ನಿಧಾನವಾಗಿ ಉರಿಯುತ್ತಾ ಹೋಗುವ ಇದು ಗಂಟೆಗಟ್ಟಲೆ ಬರುತ್ತದೆ. ಉರಿಯುವಾಗ ಅಲುಗಿಸಬೇಡಿ, ಮೇಲಿನಿಂದ ಹೊಟ್ಟು ಸೇರಿಸಬೇಡಿ.

ಚಕ್ಕೆಯನ್ನು ಮಾತ್ರ ನಿಮ್ಮ ಬಚ್ಚಲ ಒಲೆಗೇ ಹಾಕಬಹುದು: ಸೌದೆ ಚೆನ್ನಾಗಿ ಹೊತ್ತಿಕೊಂಡ ಮೇಲೆ, ಒಂದೊಂದೇ ಹಿಡಿ, ನಡುವೆ ಸಂದು ಬಿಟ್ಟು.

ಹಸಿ ಮರ ಕೊಯ್ದ ಹೊಟ್ಟಿನಲ್ಲಿ ನೀರೇ ಹೆಚ್ಚು. ಬಿಸಿಲಿನಲ್ಲಿ ತೆಳ್ಳಗೆ ಹರವಿ ಒಣಗಿಸಿ. ಒದ್ದೆ ಹೊಟ್ಟು ಉರಿಸಿದರೆ ಹೊಗೆಗೂಡಿನಲ್ಲಿ ಜಿಗುಟಾದ ಮಸಿ ಕಟ್ಟುತ್ತದೆ. ಆ ಮಸಿಗೇ ಬೆಂಕಿ ಹತ್ತಿದ ಮನೆಗಳಿವೆ. ಒದ್ದೆ ಹೊಟ್ಟಿನ ದೊಡ್ಡ ರಾಶಿ ಒಳಗೊಳಗೇ ಬಿಸಿಯೇರುವುದೂ ಉಂಟು, ಮನೆಗೆ ಒತ್ತಿ ಪೇರಿಸಬೇಡಿ.

ಯಾವ ಮರದ್ದು ಎಂದು ಸಾಮಿಲ್ಲಿನವರನ್ನು ತಪ್ಪದೆ ಕೇಳಿ. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಹೊಟ್ಟಿನಲ್ಲಿ ಅಂಟು ಇರುತ್ತದೆ, ಅದರ ಹೊಗೆ ವಿಷ. ಗೆದ್ದಲು ಹಿಡಿಯದಂತೆ ಔಷಧಿ ಹೊಡೆದ ಮರದಲ್ಲಿ ಆರ್ಸೆನಿಕ್ ಎಂಬ ವಿಷ ಇರಬಹುದು, ಅದು ಬೂದಿಯಲ್ಲೂ ಉಳಿಯುತ್ತದೆ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಹೊಟ್ಟಿನ ಒಲೆಯನ್ನು ಹೊಗೆಗೂಡಿನ ಕೆಳಗೆ ಅಥವಾ ಬಯಲಿನಲ್ಲೇ ಇಡಿ. ಹೊಗೆ ಕಾಣದಿದ್ದರೂ ಕಮರುವ ಹೊಟ್ಟು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆ ಬಚ್ಚಲಲ್ಲೇ ಇದ್ದರೆ ಕಿಟಕಿ ತೆರೆದಿಟ್ಟೇ ಸ್ನಾನ ಮಾಡಿ. ತಲೆ ಸುತ್ತಿದರೆ, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ. ಚಳಿಗೆಂದು ಈ ಒಲೆಯನ್ನು ಮಲಗುವ ಕೋಣೆಗೆ ಎಂದಿಗೂ ತರಬೇಡಿ.

ಬೂದಿಯ ಅಡಿಯಲ್ಲಿ ಕೆಂಡ ಮರುದಿನವೂ ಜೀವಂತವಾಗಿರಬಹುದು. ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬದೆ ಮುಚ್ಚಳವಿರುವ ತಗಡಿನ ಡಬ್ಬಕ್ಕೆ ಹಾಕಿ, ಪೂರ್ತಿ ಆರಿದ ಮೇಲೆ ತೆಂಗಿನ ಬುಡಕ್ಕೆ ಸುರಿಯಿರಿ.