ಲೆಕ್ಕ ಮಾತ್ರ ಮಾಡಿಕೊಟ್ಟ ವಿಜ್ಞಾನಿಗೆ ಅಣುಬಾಂಬಿನ ಹೊಣೆ ಎಷ್ಟು?

ಸ್ಫೋಟದ ಅಲೆಗಳನ್ನು ಲೆಕ್ಕ ಹಾಕುವ ತಂಡವೊಂದರಿಂದ ನಿಮಗೆ ಕೆಲಸದ ಕರೆ ಬಂದಿದೆ; ಬಾಂಬು ಹಾಕುವ ತೀರ್ಮಾನ ಸರ್ಕಾರದ್ದಾಗಿರುವಾಗ ಗಣಿತ ಮಾತ್ರ ಮಾಡುವವನ ಪಾಲಿಗೆ ಎಷ್ಟು ಹೊಣೆ ಬರುತ್ತದೆ ಎಂದು ಕೇಳಿದ್ದೀರಿ. 26 ವರ್ಷಗಳ ಹಿಂದೆ ನಾನೂ ಹೆಚ್ಚುಕಡಿಮೆ ಇದೇ ಮಾತನ್ನು ಆಡಿದ್ದೆ. ನೀವು ಅದನ್ನು ಪ್ರಶ್ನೆಯಾಗಿ ಕೇಳುತ್ತಿದ್ದೀರಿ. ನಾನು ಇನ್ನೊಬ್ಬರ ಬಾಯಿ ಮುಚ್ಚಿಸಲು ಉತ್ತರವಾಗಿ ಕೊಟ್ಟಿದ್ದೆ.

ಆಗ ನಾನು ಒಂದು ಸಂಸ್ಥೆಯಲ್ಲಿ, ಕಲ್ಲುಗಣಿಗಳಿಗೆ ಬೇಕಾದ ಸ್ಫೋಟಕಗಳ ದಾಸ್ತಾನಿಗೆ ಸುರಕ್ಷಿತ ಅಂತರ ಲೆಕ್ಕ ಹಾಕುವ ಪ್ರೋಗ್ರಾಮ್ ಬರೆಯುತ್ತಿದ್ದೆ. ಇಷ್ಟು ಕಿಲೋ ಸ್ಫೋಟಕ ಆಕಸ್ಮಿಕವಾಗಿ ಸಿಡಿದರೆ ಎಷ್ಟು ದೂರದಲ್ಲಿರುವ ಮನೆಯ ಗೋಡೆ ಉಳಿಯುತ್ತದೆ ಎಂಬುದು ನಮ್ಮ ಪ್ರಶ್ನೆ. ಐದು ವರ್ಷ ಆ ಕೆಲಸವನ್ನು ಪ್ರೀತಿಯಿಂದ ಮಾಡಿದೆ. ಆರನೆಯ ವರ್ಷ ಒಂದು ಮಧ್ಯಾಹ್ನ ಮೇಲಿನವರಿಂದ ಒಂದು ಪುಟದ ಟಿಪ್ಪಣಿ ಬಂತು. ಅದರಲ್ಲಿ ಕಿಲೋ ಇರಬೇಕಾದ ಕಡೆ ಕಿಲೋಟನ್, ಅಂದರೆ ಅಣುಬಾಂಬಿನ ಬಲವನ್ನು ಅಳೆಯುವ ಸಾವಿರ ಟನ್ನಿನ ಮಾನ, ಇತ್ತು, ಸ್ಫೋಟ ನೆಲದಿಂದ ಮೇಲೆ ಗಾಳಿಯಲ್ಲಿತ್ತು, ಮತ್ತು ಗೊತ್ತುಪಡಿಸಿದ ಒತ್ತಡ ತಗಲುವ ನೆಲದ ವಿಸ್ತೀರ್ಣ ಅತ್ಯಂತ ಹೆಚ್ಚಾಗಲು ಎತ್ತರ ಎಷ್ಟಿರಬೇಕು ಎಂದು ಕೇಳಲಾಗಿತ್ತು.

ಇದರ ಅರ್ಥ ನನಗೆ ಆ ಕ್ಷಣವೇ ಗೊತ್ತಾಯಿತು ಎಂಬುದನ್ನು ನೀವು ತಿಳಿಯಬೇಕು. ಗಾಳಿಯಲ್ಲಿ ಆದ ಸ್ಫೋಟದ ಅಲೆ ನೆಲಕ್ಕೆ ಬಡಿದು ಹಿಂದಿರುಗುತ್ತದೆ. ಹಾಗೆ ಹಿಂದಿರುಗಿದ ಅಲೆ ಆಗಲೇ ಬಿಸಿಯಾಗಿ ಒತ್ತಿಹೋದ ಗಾಳಿಯಲ್ಲಿ ಚಲಿಸುವುದರಿಂದ ವೇಗ ಪಡೆದು ಮೊದಲ ಅಲೆಯನ್ನು ಹಿಡಿಯುತ್ತದೆ, ಎರಡೂ ಕೂಡಿ ನೆಲದುದ್ದಕ್ಕೂ ಹೆಚ್ಚು ಬಲವಾದ ಒಂದೇ ಅಲೆಯಾಗಿ ಸಾಗುತ್ತವೆ. ತೀರ ಕೆಳಗೆ ಸಿಡಿದರೆ ಹಾನಿಯ ವ್ಯಾಪ್ತಿ ಕಿರಿದು, ತೀರ ಮೇಲೆ ಸಿಡಿದರೆ ಅಲೆ ದುರ್ಬಲ. ನಡುವೆ ಒಂದು ಎತ್ತರವಿದೆ. ಹಿರೋಶಿಮಾದಲ್ಲಿ ಬಾಂಬು ನೆಲದಿಂದ ಸುಮಾರು 600 ಮೀಟರ್ ಮೇಲೆ ಸಿಡಿದದ್ದು ಇಂಥ ಲೆಕ್ಕದ ಪ್ರಕಾರವೇ. ಆ ಲೆಕ್ಕದಲ್ಲಿ ಮುಖ್ಯ ಪಾತ್ರ ವಹಿಸಿದ ಗಣಿತಜ್ಞ ಜಾನ್ ವಾನ್ ನಾಯ್ಮನ್, 1945ರಲ್ಲಿ ಯಾವ ನಗರಗಳು ಗುರಿಯಾಗಬೇಕೆಂದು ಚರ್ಚಿಸಿದ ಸಮಿತಿಯ ಸದಸ್ಯನೂ ಆಗಿದ್ದ.

ಪ್ರೋಗ್ರಾಮಿನಲ್ಲಿ ನಾನು ಬದಲಿಸಬೇಕಾದದ್ದು ಬಹಳ ಕಡಿಮೆ. ಮನೆಗಳಿಗೆ ಆಗುವ ಹಾನಿ ಕನಿಷ್ಠವಾಗಲಿ ಎಂದು ಬರೆದಿದ್ದ ಸಾಲು ಗರಿಷ್ಠವನ್ನು ಹುಡುಕುವಂತಾಗಬೇಕಿತ್ತು, ಒಂದು ಚಿಹ್ನೆ ತಿರುಗಿಸಿದರೆ ಸಾಕಿತ್ತು. ಪಕ್ಕದಲ್ಲಿ ಕುಳಿತಿದ್ದ ಕಿರಿಯ ಸಹೋದ್ಯೋಗಿ, "ಸರ್, ಇದು ಯಾವುದಕ್ಕೆ?" ಎಂದು ಕೇಳಿದಳು. "ನಮಗೆ ಕೊಟ್ಟಿರುವುದು ಗಣಿತ ಕಣಮ್ಮ, ಅದನ್ನು ಮಾಡಿಕೊಡೋಣ" ಎಂದೆ. ಸಂಜೆಯೊಳಗೆ ಕೆಲಸ ಮುಗಿಯಿತು.

ಲೆಕ್ಕ ಮಾಡಿದ್ದೇ ನನ್ನ ತಪ್ಪು ಎಂದು ಬಹಳ ಕಾಲ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದು, ಕೇಳುವುದನ್ನು ಮುಂದೂಡಿದ್ದು. ಮೊದಲು ವರದಿ ಹೋಗಲಿ, ಪರಿಶೀಲನಾ ಸಭೆ ನಡೆದೇ ನಡೆಯುತ್ತದೆ, ಅಲ್ಲಿ ಉದ್ದೇಶವನ್ನು ಕೇಳೋಣ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದೆ, ಮತ್ತು ಆ ನಿಶ್ಚಯದಿಂದಲೇ ನಾನು ಪ್ರಾಮಾಣಿಕ ಎಂಬ ಸಮಾಧಾನವನ್ನೂ ಪಡೆದಿದ್ದೆ. ವರದಿ ಹೋಯಿತು. ಸಭೆ ನಡೆಯಿತೋ ಇಲ್ಲವೋ, ನನಗೆ ಕರೆ ಬರಲಿಲ್ಲ. ನನ್ನದೇ ವರದಿ ಇದ್ದ ಕಡತವನ್ನು ನೋಡುವ ಅನುಮತಿ ನನಗಿರಲಿಲ್ಲ. ಲೆಕ್ಕ ನನ್ನ ಕೈಯಲ್ಲಿ ಇರುವವರೆಗೆ ಅವರು ನನ್ನ ಮಾತಿಗೆ ಕಾಯಬೇಕಿತ್ತು. ಕೊಟ್ಟ ಮೇಲೆ ನನ್ನ ಪ್ರಶ್ನೆಯನ್ನು ಕೇಳಿಸಿಕೊಳ್ಳಬೇಕಾದ ಅಗತ್ಯ ಯಾರಿಗೂ ಉಳಿಯಲಿಲ್ಲ. ಆ ಹುಡುಗಿ ಎರಡು ತಿಂಗಳೊಳಗೆ ಬೇರೆ ವಿಭಾಗಕ್ಕೆ ವರ್ಗ ಕೇಳಿಕೊಂಡು ಹೋದಳು, ಮತ್ತೆ ನನ್ನೊಡನೆ ಮಾತಾಡಲಿಲ್ಲ. ಎರಡು ವರ್ಷದ ಮೇಲೆ ನಾನೂ ಬಿಟ್ಟು ಪದವಿ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದೆ. ಪ್ರೋಗ್ರಾಮ್ ಅಲ್ಲೇ ಉಳಿಯಿತು.

ಭೌತವಿಜ್ಞಾನಿ ಲಿಯೊ ಸಿಲಾರ್ಡ್‌ನ ಕಥೆಯನ್ನು ನಾನು ಸರಿಯಾಗಿ ಓದಿದ್ದು ಇದಾದ ಮೇಲೆ. ಹಿಟ್ಲರನ ಕೈಗೆ ಬಾಂಬು ಮೊದಲು ಸಿಕ್ಕೀತೆಂಬ ಭಯದಿಂದ 1939ರ ಆಗಸ್ಟ್‌ನಲ್ಲಿ ಐನ್‌ಸ್ಟೈನ್ ಸಹಿಯ ಪತ್ರ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಹೋಗುವಂತೆ ಮಾಡಿದವನು ಆತ. 1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು, ಭಯದ ಕಾರಣ ಹೋಯಿತು, ಅಮೆರಿಕದ ಬಾಂಬಿನ ಕೆಲಸ ನಿಲ್ಲಲಿಲ್ಲ. ಜಪಾನಿನ ಮೇಲೆ ಬಾಂಬು ಬಳಸುವ ಮುನ್ನ ನೈತಿಕ ಹೊಣೆಯನ್ನು ಯೋಚಿಸಬೇಕೆಂದು ಕೋರುವ ಅವನ ಮನವಿಯ ತಾರೀಖು ಜುಲೈ 17. ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಮೊದಲ ಪರೀಕ್ಷಾಸ್ಫೋಟ ನಡೆದದ್ದು ಹಿಂದಿನ ದಿನ. ಎಪ್ಪತ್ತು ಮಂದಿ ವಿಜ್ಞಾನಿಗಳು ಸಹಿ ಹಾಕಿದ ಆ ಮನವಿ ಬಾಂಬು ಬೀಳುವ ಮುನ್ನ ಆಗಿನ ಅಧ್ಯಕ್ಷ ಟ್ರೂಮನ್ ಕಣ್ಣಿಗೆ ಬೀಳಲೇ ಇಲ್ಲ. ಅದೇ ಕೆಲಸದಲ್ಲಿದ್ದ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಮಾತ್ರ, ಜರ್ಮನರು ಬಾಂಬಿನ ಪ್ರಯತ್ನ ಕೈಬಿಟ್ಟಿದ್ದಾರೆಂದು ತಿಳಿದೊಡನೆ, 1944ರ ಕೊನೆಯಲ್ಲೇ ಬಾಂಬು ರೂಪಿಸುತ್ತಿದ್ದ ಲಾಸ್ ಅಲಮೋಸ್ ಪ್ರಯೋಗಾಲಯ ಬಿಟ್ಟು ಹೊರಟ. ಅವನು ಹೊರಟದ್ದರಿಂದ ಬಾಂಬು ನಿಲ್ಲಲಿಲ್ಲ ಎಂದು ನೀವು ಹೇಳಬಹುದು. ನಿಜ, ಆದರೆ ತಾನು ಯಾವ ಕಾರಣಕ್ಕೆ ಸೇರಿದ್ದೆ ಎಂಬುದನ್ನು ಅವನು ಮರೆತಿರಲಿಲ್ಲ.

ಹಾಗಾಗಿ "ಎಷ್ಟು ಪಾಲು" ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಹೊಣೆ ಎಂಬುದು ಅಣ್ಣತಮ್ಮಂದಿರು ಪಾಲುಪಟ್ಟಿ ಬರೆದು ಹಂಚಿಕೊಳ್ಳುವ ಜಮೀನಲ್ಲ. ಟ್ರೂಮನ್ ಪೂರ್ತಿ ಹೊಣೆ ಹೊತ್ತರೂ ವಾನ್ ನಾಯ್ಮನ್‌ನದು ಒಂದು ಗುಂಟೆಯೂ ಕಡಿಮೆಯಾಗುವುದಿಲ್ಲ. ಆ ಪ್ರಯೋಗಾಲಯದ ನಿರ್ದೇಶಕನಾಗಿದ್ದ ಓಪನ್‌ಹೈಮರ್‌ನ ಪಶ್ಚಾತ್ತಾಪವನ್ನೂ ಉದಾಹರಿಸಿದ್ದೀರಿ. ಭೌತವಿಜ್ಞಾನಿಗಳು ಪಾಪವನ್ನು ಅರಿತರು ಎಂದು ಅವನು ಹೇಳಿದ್ದು 1947ರಲ್ಲಿ. ನೇರ ಸೈನಿಕ ಬಳಕೆಗೆ ಒಪ್ಪತಕ್ಕ ಪರ್ಯಾಯ ಕಾಣುತ್ತಿಲ್ಲವೆಂದೂ, ರಾಜಕೀಯ ಮತ್ತು ಸೈನಿಕ ಸಮಸ್ಯೆಗಳಲ್ಲಿ ವಿಜ್ಞಾನಿಗಳಿಗೆ ವಿಶೇಷ ಪರಿಣತಿಯಿಲ್ಲವೆಂದೂ ಸರ್ಕಾರಕ್ಕೆ ವರದಿ ಕೊಟ್ಟ ನಾಲ್ವರು ವಿಜ್ಞಾನಿಗಳಲ್ಲಿ ಅವನೂ ಒಬ್ಬ, ಅದು 1945ರ ಜೂನ್‌ನಲ್ಲಿ. ಅವನ ಮಾತಿಗೆ ತೂಕವಿದ್ದದ್ದು ಆ ಜೂನ್‌ನಲ್ಲಿ. ನೀವು ಓದಬೇಕಾದದ್ದು ಆ ವರದಿಯನ್ನು.

ಸೇರಲು ಇನ್ನೂ ಮೂರು ವಾರವಿದೆ ಎಂದಿದ್ದೀರಿ. ಈ ಲೆಕ್ಕ ಯಾವುದಕ್ಕೆ ಬಳಕೆಯಾಗುತ್ತದೆ, ಉದ್ದೇಶ ಬದಲಾದರೆ ನಮಗೆ ತಿಳಿಸುತ್ತೀರಾ ಎಂದು ಈ ವಾರವೇ ಪತ್ರ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ಬಯಸಿ. ಸೇರುವುದೇ ಆದರೆ, ಏನಾದರೆ ಬಿಡುತ್ತೀರಿ ಎಂಬುದನ್ನು ಈಗಲೇ ಬರೆದು ಮನೆಯಲ್ಲಿ ಒಬ್ಬರ ಕೈಗೆ ಕೊಡಿ, ಮತ್ತು ಆರು ತಿಂಗಳ ಖರ್ಚಿನ ಹಣವನ್ನು ಮೊದಲ ಸಂಬಳದಿಂದಲೇ ಕೂಡಿಡತೊಡಗಿ, ಏಕೆಂದರೆ ನನ್ನನ್ನು ಎರಡು ವರ್ಷ ಅಲ್ಲೇ ಹಿಡಿದಿಟ್ಟದ್ದು ಮನೆಸಾಲದ ಕಂತು. ಪತ್ರಕ್ಕೆ ಉತ್ತರ ಬಂದರೂ ಬಾರದಿದ್ದರೂ ಇಲ್ಲಿ ತಿಳಿಸಿ, ನಾನು ನೋಡುತ್ತಿರುತ್ತೇನೆ.